ಕಣ್ಣಿನ ಲಾರಿಯ ಬ್ಯಾಟರಿ

ಮಾಸೂರು, 12-2-1959

ಸಾವಂತ್ರಕ್ಕನಿಗೆ ತಮ್ಮ ಗುದ್ಲೆಪ್ಪನ ನಮಸ್ಕಾರ. ಕಣ್ಣಿನ ಡಾಕ್ಟರರ ಲಾರಿಯಲ್ಲಿ ಅಡಿಗೆ ಮಾಡಿಕೊಂಡು ಚೆನ್ನಾಗಿದ್ದೇನೆ, ಕೆಮ್ಮು ಮಾತ್ರ ಬಿಟ್ಟಿಲ್ಲ. ಲಾರಿಯ ಹಿಂದೆ ಮನೆಯಂತೆ ಕೋಣೆ ಕಟ್ಟಿದ್ದಾರೆ. ಅಲ್ಲಿ ಕಣ್ಣು ನೋಡುವ ದೀಪಕ್ಕೆ ಒಂದು ಬ್ಯಾಟರಿ ಇದೆ. ಲಾರಿ ಓಡಿದರೆ ತುಂಬುತ್ತದೆ, ನಿಂತು ದೀಪ ಉರಿಸಿದರೆ ಖಾಲಿಯಾಗುತ್ತದೆ. ನಿನ್ನೆ ಮದಗದ ಕೆರೆ ಏರಿಯ ಮೇಲೆ ಡ್ರೈವರ್ ಕಾಸೀಮಸಾಬರು ಲಾರಿಯನ್ನು ಹಿಂದಕ್ಕೆ ತೆಗೆದರು. ಸುತ್ತಿದ ಹಗ್ಗ ಬಿಚ್ಚುವಂತೆ ತುಂಬಿದ್ದೆಲ್ಲ ತಿರುಗಿ ಹೋಗುತ್ತದೆಂದು ಅಂಜಿದೆ.

"ನಿಲ್ಲಿಸ್ರಿ ಸಾಬ್ರ, ಬ್ಯಾಟರಿ ಖಾಲಿ ಆಕ್ಕೈತ್ರಿ" ಎಂದು ಕೂಗಿದೆ.

"ಹಿಂದಕ್ಕ ನಡದ್ರ ಉಂಡ ರೊಟ್ಟಿ ಹೊರಗ ಬರ್ತಾವೇನಲೇ ಗುದ್ಲ್ಯಾ? ಇಂಜಿನ್ ತಿರುಗಿದ್ರ ಸಾಕು, ತುಂಬತೈತಿ" ಎಂದರು. ಡಾಕ್ಟರರೂ ನಕ್ಕರು.

ಸೋಮವಾರ ನಮ್ಮ ಹುಲಗೂರಿಗೆ ಬರುತ್ತೇವೆ. ದೂರದ ದಾರಿ, ಬ್ಯಾಟರಿ ಪೂರಾ ತುಂಬಿರುತ್ತದೆ. ಆದರೂ ಮಂದಿ ಹೆಚ್ಚಾದರೆ ಕೊನೆಗೆ ದೀಪ ಮಂಕಾಗುತ್ತದೆ, ಇಲ್ಲಿ ಹಾಗೇ ಆಯಿತು. ಪೊರೆ ಬಂದ ಕಣ್ಣಿಟ್ಟುಕೊಂಡು ಅವ್ವ ಎಲ್ಲರಿಗೂ "ನೀವು ಮೊದಲ ಹೋಗ್ರಿ" ಎನ್ನುವವಳು. ಅವತ್ತೊಂದು ದಿನ ಅವಳ ಮಾತು ಕೇಳಬೇಡ. ಬೆಳಿಗ್ಗೆಯೇ ಬಂದು ಮೊದಲನೆಯ ಪಾಳಿ ಹಿಡಿ. ಕಾರ್ಡು ತುಂಬಿತು.

ನಿನ್ನ ತಮ್ಮ