ಮೇಕೆಯ ಹಾಲು ಯಾರದು

ಮಾರ್ಚ್ ೧೨, ಮಂಗಳವಾರ

ಹಿತ್ತಲಿಗೆ ತಾನಾಗಿ ಬಂದ ಮೇಕೆಯ ಹಾಲು ಯಾರದು? ಬೆಳಿಗ್ಗೆಯಿಂದ ಇದೇ ಯೋಚನೆ.

ಅದನ್ನು ಗೂಟಕ್ಕೆ ಕಟ್ಟಿ ಠಾಣೆಗೆ ತಿಳಿಸಿದೆ. ಪೇದೆ ಬಂದು, "ಯಜಮಾನ ಸಿಗೋವರೆಗೂ ಮೇವು ನೀರು ಕೊಟ್ಟು ನೋಡ್ಕೊಳ್ಳಿ. ಮಾರೋ ಹಾಗಿಲ್ಲ, ಓಡಿಸೋ ಹಾಗೂ ಇಲ್ಲ," ಎಂದ. ಹಾಲಿನ ವಿಷಯ ಕೇಳಿದರೆ ತಲೆ ಕೆರೆದುಕೊಂಡ. "ಅಮ್ಮಾ, ಅದನ್ನ ಇದುವರೆಗೂ ಯಾರೂ ಕೇಳಿಲ್ಲ."

ಈ ಮನೆಯಲ್ಲಿ ಯಾರೂ ಪರರ ಸೊತ್ತು ಮುಟ್ಟಿದವರಲ್ಲ. ಹಾಲು ಕರೆಯಕೂಡದೆಂದೆ. ಸಂಜೆಗೆ ಕೆಚ್ಚಲು ಕಲ್ಲಾಗಿ ಮೇಕೆ ಒಂದೇ ಸಮನೆ ಅರಚಿತು. ಸೊಸೆ ನಕ್ಕಳು. "ಅತ್ತೆ, ನಿಮ್ಮ ಮರ್ಯಾದೆಗೆ ಅದು ನೋವು ತಿನ್ಬೇಕಾ? ಅದರ ಮರಿ ಎಲ್ಲಿ ಹಸ್ಕೊಂಡಿದೆಯೋ."

ಮರಿಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಅವಳಿಗೆ ಹಾಗೆ ಹೇಳಲಿಲ್ಲ, ನಾನೇ ಕೂತು ಕರೆದೆ. ಅಷ್ಟು ಹೊತ್ತೂ ಮೇಕೆ ಹಗ್ಗ ಜಗ್ಗುತ್ತ ಗೇಟಿನ ಕಡೆಗೇ ಮುಖ ಮಾಡಿತ್ತು. ಮನೆ ಗೊತ್ತಿರುವವಳನ್ನು ಕಟ್ಟಿಹಾಕಿ, ಮನೆ ಯಾವುದೆಂದು ಬೀದಿಯವರನ್ನೆಲ್ಲ ಕೇಳಿದ್ದೇವೆ.

ಬೆಳಕು ಹರಿದೊಡನೆ ಗೂಟದಿಂದ ಬಿಚ್ಚುತ್ತೇನೆ. ಹಗ್ಗದ ತುದಿ ನನ್ನ ಕೈಯಲ್ಲೇ ಇರುತ್ತದೆ, ಓಡಿಸಿದಂತಾಗುವುದಿಲ್ಲ. ಅದು ಮುಂದೆ, ನಾನು ಹಿಂದೆ. ಹಾಲು ಮರಿಯದು ಎಂದಾಯಿತು. ಎಷ್ಟು ದೂರ ನಡೆಸುತ್ತದೋ ನೋಡೇಬಿಡಬೇಕು, ಈ ಮಂಡಿಗಳನ್ನು ನಂಬಿ.