ಬೆಂಚಿನ ಮೇಲೆ ಈಜು

ಮುಖ್ಯೋಪಾಧ್ಯಾಯರಾದ ಸುಶೀಲೇಂದ್ರ ಸರ್ ಅವರಿಗೆ,

ನಮಸ್ಕಾರ. ಕಾಲೇಜಿನಲ್ಲಿ ಈಜಿ ಪದಕ ಗೆದ್ದವಳೆಂದು ನನ್ನನ್ನು ಹಳೆಯ ಶಾಲೆಗೇ ಕೋಚ್ ಆಗಿ ಕರೆಸಿಕೊಂಡವರು ನೀವು. ಟಿಕೋಟಾದ ನಮ್ಮ ವಿದ್ಯಾರ್ಥಿನಿ ಆರತಿ ದ್ರಾಕ್ಷಿ ತೋಟದ ಕೃಷಿ ಹೊಂಡಕ್ಕೆ ಜಾರಿ ಬಿದ್ದು ಹೇಗೋ ಬದುಕಿದಳು. ಅದಕ್ಕೆ ನೀವು ಬೀಗ ಹಾಕಿಸಿದ್ದು ನಮ್ಮ ಈಜುಕೊಳಕ್ಕೆ! ಒಂದು ತಿಂಗಳಿಂದ ಹುಡುಗಿಯರನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ ಕೈಕಾಲು ಬಡಿಸುತ್ತಿದ್ದೇನೆ.

ಪಾಲಕರು ಹೆದರುತ್ತಾರೆ ಎಂದಿರಿ. ನಿನ್ನೆ ಆರತಿಯ ಅಜ್ಜಿ ಸಕ್ರವ್ವ ಬಸ್ಸು ಹತ್ತಿ ಬಂದಿದ್ದರು. ಮೊಮ್ಮಗಳ ಈಜನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಅಕ್ಕೋರ, ಹೊಂಡದಾಗ ಬೆಂಚ ಇರೂದಿಲ್ಲಲ್ರಿ?" ಎಂದರು.

ದಯವಿಟ್ಟು ಬೀಗದ ಕೈ ಕಳಿಸಿ. ಆಗದಿದ್ದರೆ, ಆ ಮುದುಕಿಗೆ ಹೇಳಲು ಒಂದು ಉತ್ತರವನ್ನಾದರೂ ಕಳಿಸಿ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಪ್ರಾಚಿ
ಜಲನಗರ, ವಿಜಯಪುರ