ಬಸ್ಸಿನ ಚಾಲಕನ ಎದೆಬಡಿತ

ಓಟದ ಮಾನ್ಯ ವೈದ್ಯಾಧಿಕಾರಿಗಳೇ,

ಬೆಟ್ಟದೂರಿನಿಂದ ಕಡಲವರೆಗೆ, ಬೆಳಗಿನಿಂದ ಕತ್ತಲಾಗುವವರೆಗೆ ಜನರನ್ನು ಓಡಿಸುವ ತಾವು ನಲವತ್ತು ದಾಟಿದವರ ಎದೆಯನ್ನು ಒಮ್ಮೆಯೂ ಪರೀಕ್ಷಿಸುವುದಿಲ್ಲ. ಅಂಗಿಯ ಮೇಲೆ ಕ್ಲಬ್ಬಿನ ಬಣ್ಣ ಸರಿಯಾಗಿದೆಯೇ ಎಂದು ಮಾತ್ರ ಕಣ್ಣರಳಿಸಿ ನೋಡುತ್ತೀರಿ. ಬಣ್ಣ ತಪ್ಪಿದವನನ್ನು ಹೊರಗೆ ಹಾಕುತ್ತೀರಿ, ಸಂತೋಷ. ಬಡಿತ ತಪ್ಪಿದವನನ್ನು?

ನನ್ನ ಗಂಡ ವೂಸುಮುಜಿ ಖುಮಾಲೊನನ್ನು ತಾವು ಬಲ್ಲಿರಿ. ನಮ್ಮ ಓಟದ ಕ್ಲಬ್ಬಿನ 'ಬಸ್ಸಿ'ನ ಚಾಲಕ; ಚಕ್ರವಿಲ್ಲದ, ಕಾಲಲ್ಲೇ ಓಡುವ ಬಸ್ಸು. ಹಿಂದುಳಿದವರನ್ನೆಲ್ಲ ಗುಂಪುಗೂಡಿಸಿ, ಏರಿನಲ್ಲಿ ನಡೆಸಿ, ಇಳಿಜಾರಿನಲ್ಲಿ ಓಡಿಸಿ, ದಾರಿಯುದ್ದಕ್ಕೂ ಹಾಡಿಸುತ್ತ ಗಡುವಿನೊಳಗೆ ಗುರಿ ಮುಟ್ಟಿಸುವವನು. "ಖುಮಾಲೊ ಬಸ್ಸು ಬಂತು!" ಎಂದು ತಮ್ಮ ಧ್ವನಿವರ್ಧಕವೇ ಕೂಗುತ್ತದೆ. ನಾನೂ ಒಮ್ಮೆ ಆ ಬಸ್ಸು ಹತ್ತಿದವಳು. ಇಳಿದ ಮೇಲೆ ಚಾಲಕನನ್ನೇ ಮದುವೆಯಾದೆ.

ಅವನಿಗೀಗ ನಲವತ್ತೆಂಟು. ಅವನ ಬಡಿತ ತಪ್ಪುತ್ತಿದೆಯೆಂದು ಕಳೆದ ಓಟಕ್ಕೆ ಮುಂಚೆಯೇ ಆಸ್ಪತ್ರೆಯಲ್ಲಿ ಗೊತ್ತಾಗಿತ್ತು. ಓಟ ಹೃದಯಕ್ಕೆ ಒಳ್ಳೆಯದೇ, ಆದರೆ ವರ್ಷಗಟ್ಟಲೆ ಇಂಥ ಮಿತಿಮೀರಿದ ಓಟ ಕೆಲವರಲ್ಲಿ ಹೃದಯದ ಮೇಲಿನ ಕೋಣೆಗಳನ್ನು ಹಿಗ್ಗಿಸಿಬಿಡುತ್ತದೆ, ಬಡಿತ ಲಯ ತಪ್ಪುತ್ತದೆ, ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೂ ಹೋದೀತು ಎಂದರು ಆಸ್ಪತ್ರೆಯ ವೈದ್ಯೆ. ದೂರದ ಓಟ ಬಿಡಿ ಎಂದೂ ಹೇಳಿದರು. ಇವನು ಮನೆಗೆ ಬರುವ ದಾರಿಯಲ್ಲೇ ನಕ್ಕ.

"ನಂದು ಹಳೇ ಡೀಸೆಲ್ ಇಂಜಿನ್ನು ಕಣೇ ಮಾಝೋಂಡಿ. ಸ್ವಲ್ಪ ಗಡಗಡ ಅನ್ನತ್ತೆ, ಬಿಸಿಯಾದ್ರೆ ಸರಿಹೋಗತ್ತೆ."

"ಮಗೂಗಿನ್ನೂ ಹಲ್ಲು ಬಂದಿಲ್ಲ."

"ಅದಕ್ಕೇ ನೋಡು, ಅಪ್ಪ ಓಡೋದನ್ನ ಅವಳು ನೋಡ್ಬೇಕು!"

ಕಳೆದ ಓಟದಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೊನೆಯ ಏರಿನ ಬದಿಯಲ್ಲಿ ನಿಂತಿದ್ದೆ. ಬಸ್ಸು ಬಂತು, ನನ್ನೆದುರೇ ನಿಂತಿತು. ಅವನ ಅಂಗೈ ಎದೆಯ ಮೇಲಿತ್ತು, ತುಟಿ ಬೂದಿ ಬಣ್ಣ.

"ಏನ್ ಡ್ರೈವರಣ್ಣ, ಹೆಂಡ್ತಿ ಕಂಡ ತಕ್ಷಣ ಬ್ರೇಕಾ?" ಹಿಂದಿನಿಂದ ಯಾರೋ ಕಿಚಾಯಿಸಿದರು. "ಮುತ್ತು ಕೊಟ್ಟು ಬೇಗ ಬಾರಣ್ಣ, ಗಡುವು ಮುಗೀತಿದೆ!"

ಎಲ್ಲರೂ ನಕ್ಕರು. ಆ ಕೈ ಅಲ್ಲೇಕಿದೆಯೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅವನು ನನ್ನನ್ನು ನೋಡಿದ, ಹೇಳಬೇಡ ಎಂಬಂತೆ. ನಾನೇನು ಮಾಡಿದೆ ಗೊತ್ತೇ, ಮಾನ್ಯರೇ? ಯಾರ ಕಣ್ಣೂ ಆ ಕೈಯ ಮೇಲೆ ಬೀಳದಿರಲೆಂದು ಹಾಡು ಎತ್ತಿಕೊಂಡೆ. ಗಟ್ಟಿಯಾಗಿ. ಬಸ್ಸೆಲ್ಲ ದನಿಗೂಡಿಸಿತು. ಅವನು ಓಡಿದ. ಬದುಕಿದ. ಅದು ನನ್ನ ಪುಣ್ಯವೂ ಅಲ್ಲ, ತಮ್ಮ ವ್ಯವಸ್ಥೆಯೂ ಅಲ್ಲ.

ಅಂದಿನಿಂದ ಮಗು ಮಲಗಿದರೂ ನನ್ನ ಕಿವಿ ಮಲಗುವುದಿಲ್ಲ, ಅವನ ಎದೆಯ ಮೇಲೇ ಇರುತ್ತದೆ. ಈ ಸಲವೂ ಅವನು ಹೆಸರು ಕೊಟ್ಟಿದ್ದಾನೆ.

ಮನೆಯಲ್ಲೇ ತಡೆಯಬಾರದೇ ಎಂದು ಕೇಳುವಿರಿ. ನಾನು ಹೇಳಿದರೆ ಅದು ಹೆಂಡತಿಯ ಹೆದರಿಕೆ, ತಾವು ಹೇಳಿದರೆ ನಿಯಮ. ಮನೆಯೊಳಗೆ ಆಡಲಾಗದ್ದನ್ನು ಈ ಬಹಿರಂಗ ಪತ್ರದಲ್ಲಿ ಊರ ಮುಂದೆ ಆಡುತ್ತಿದ್ದೇನೆ, ನಾಚಿಕೆಯಿಂದ ತಲೆ ತಗ್ಗಿದೆ. ಅವನನ್ನು ನಂಬಿ ಓಡುವವರ ಮುಖ ಹೇಗೆ ನೋಡಲಿ? ಆದರೂ ಕೇಳುತ್ತೇನೆ: ನಡುವಯಸ್ಸಿನವರ ಹೃದಯ ಪರೀಕ್ಷಿಸದೆ ಯಾರನ್ನೂ ಓಟದ ಗೆರೆಗೆ ಬಿಡಬೇಡಿ. ಮೊದಲು ನನ್ನ ಗಂಡನಿಂದಲೇ ಶುರುಮಾಡಿ. ಅವನು ತಮ್ಮನ್ನು ಶಪಿಸಲಿ, ನನ್ನನ್ನೂ ಶಪಿಸಲಿ. ಶಪಿಸಲಿಕ್ಕಾದರೂ ಇರಲಿ.

ಇಂತಿ,
ಆ ಏರಿನಲ್ಲಿ ಬಾಯಿಬಿಟ್ಟು ಹೇಳಬೇಕಾದಾಗ ಹಾಡಿದವಳು